ಬೆಳಗಿನ ಶುಗರ್ ಏರಿದಾಗ: ಬೈಯುವ ಮುನ್ನ ಹುಡುಕಬೇಕಾದ ಜಾಗಗಳು

ನಮ್ಮವ್ವನಿಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಎರಡು ಹೊತ್ತು ಇನ್ಸುಲಿನ್, ಎರಡು ಹೊತ್ತು ಮಾತ್ರೆ. ಖಾಲಿ ಹೊಟ್ಟೆಯ ಶುಗರ್ 120, 130ರ ಆಸುಪಾಸಿನಲ್ಲಿ ನಿಂತಿತ್ತು. ಒಂದು ವರ್ಷ ಸಂಕ್ರಾಂತಿ ಕಳೆದ ಮೇಲೆ ಅದು 180 ಆಯಿತು, ಶಿವರಾತ್ರಿಗೆ 210, ಯುಗಾದಿಯ ಹೊತ್ತಿಗೆ 246. ಔಷಧ ತಪ್ಪಿರಲಿಲ್ಲ, ಊಟ ಬದಲಾಗಿರಲಿಲ್ಲ. ಆದರೂ ಮನೆಯಲ್ಲಿ ಎಲ್ಲರ ಕಣ್ಣು ಹೋದದ್ದು ಅವ್ವನ ಬಾಯಿಯ ಕಡೆಗೆ. ಸಂಕ್ರಾಂತಿಯ ಎಳ್ಳುಬೆಲ್ಲ, ಅಣ್ಣನ ಆಲೆಮನೆಯ ಬಿಸಿ ಬೆಲ್ಲ, ಯುಗಾದಿಯ ಒಬ್ಬಟ್ಟು, ಎಲ್ಲವನ್ನೂ ಕದ್ದು ತಿಂದಿರಬೇಕು ಎಂದು ತೀರ್ಮಾನ ಮಾಡಿಬಿಟ್ಟೆವು. ನಾನು ಮೈಸೂರಿನಿಂದ ಫೋನಿನಲ್ಲೇ ಗದರಿದೆ. 'ನಿನ್ನಾಣೆಗೂ ಮುಟ್ಟಿಲ್ಲ ಕಣ್ ಮಗ' ಎಂದು ಅವ್ವ ಆ ಕಡೆ ಅತ್ತಳು.

ಅವ್ವ ಹೇಳಿದ್ದು ನಿಜ. ತಪ್ಪು ಇದ್ದದ್ದು ಅವಳ ಹೊಕ್ಕುಳಿನ ಬಲಗಡೆ, ಚರ್ಮದ ಕೆಳಗೆ, ನಿಂಬೆಹಣ್ಣಿನಷ್ಟು ಗಾತ್ರದಲ್ಲಿ. ಅದು ಸಿಕ್ಕುವ ಹೊತ್ತಿಗೆ ನಾಲ್ಕು ತಿಂಗಳು ಕಳೆದಿತ್ತು, ಇನ್ಸುಲಿನ್ ಎರಡು ಸಲ ಏರಿತ್ತು. ಸಿಕ್ಕಿದ ದಿನವೇ ರಾತ್ರಿ ಅವ್ವ ಸಾವಿನ ಹತ್ತಿರ ಹೋಗಿ ಬಂದಳು. ಸರಿಯಾದ ಕ್ರಮದಲ್ಲಿ ಹುಡುಕಿದ್ದರೆ ಒಂದು ವಾರದಲ್ಲಿ ಸಿಗುತ್ತಿತ್ತು. ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಊಟದ ತಟ್ಟೆಯನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಮನೆಯವರೆಲ್ಲ ಅಲ್ಲಿಂದಲೇ ಶುರು ಮಾಡುತ್ತಾರೆ, ಅಲ್ಲಿಗೇ ನಿಲ್ಲಿಸುತ್ತಾರೆ.

ಒಂದು ಮಾತು ಮೊದಲೇ ಹೇಳಬೇಕು. ಔಷಧದ ಪ್ರಮಾಣ ಏರಿಸುವುದು, ಇಳಿಸುವುದು ವೈದ್ಯರ ಕೆಲಸ. ಎಲ್ಲಿ ತಪ್ಪಿದೆ ಎಂದು ಮನೆಯಲ್ಲಿ ಹುಡುಕಿ ಅವರ ಮುಂದೆ ಇಡುವುದು ನಮ್ಮ ಕೆಲಸ. ಐದು ನಿಮಿಷ ನೋಡುವ ವೈದ್ಯರಿಗೆ ಅಡುಗೆಮನೆಯ ಗೂಡಿನಲ್ಲಿ ಏನಿದೆ ಎಂದು ಕಾಣುವುದಿಲ್ಲ.

ಹುಡುಕುತ್ತ ಕೂರಬಾರದ ಹೊತ್ತು

ಶುಗರ್ 300 ದಾಟಿ ಇಳಿಯದೆ ನಿಂತು, ಜೊತೆಗೆ ವಾಂತಿ, ಹೊಟ್ಟೆನೋವು, ಜೋರು ಉಸಿರು, ಮಂಪರು, ಬಾಯಲ್ಲಿ ಹಣ್ಣು ಕೊಳೆತಂಥ ವಾಸನೆ ಇದ್ದರೆ ಹುಡುಕಾಟ ಬೇಡ, ಆಸ್ಪತ್ರೆಗೆ ಹೊರಡಿ. ಎದೆ ಹಿಡಿದುಕೊಂಡಂತಾದರೂ ಅಷ್ಟೆ. ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಹೃದಯಾಘಾತ ಎದೆನೋವೇ ಇಲ್ಲದೆ ಬರಬಹುದು. ಕಾರಣವಿಲ್ಲದ ಬೆವರು, ಏದುಸಿರು, ಸುಸ್ತು ಕಂಡರೆ 'ಗ್ಯಾಸು' ಎಂದು ಸೋಡಾ ಕುಡಿಸಿ ಕೂರಿಸಬೇಡಿ.

ಶುಗರ್ 70ಕ್ಕಿಂತ ಕೆಳಗೆ ಹೋದರೆ ಮೊದಲು ಸಕ್ಕರೆ, ಆಮೇಲೆ ಮಾತು. ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಂದು ಸಲ ಕೊಡಿ. ಏರಿದ ಮೇಲೆ ಏನಾದರೂ ತಿನ್ನಲು ಕೊಡಿ. ವೋಗ್ಲಿಬೋಸ್, ಅಕಾರ್ಬೋಸ್ ಎಂಬ ಮಾತ್ರೆ ನುಂಗುವವರಿಗೆ ಮಾತ್ರ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಆ ಮಾತ್ರೆ ಸಕ್ಕರೆ ಒಡೆಯುವುದನ್ನೇ ತಡೆಯುತ್ತದೆ. ಅವರ ಮನೆಯಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹುಯ್ಯಬಾರದು, 108ಕ್ಕೆ ಫೋನ್ ಮಾಡಿ.

ಇವು ಯಾವುವೂ ಇಲ್ಲದೆ ಬೆಳಗಿನ ಅಂಕಿ ಮಾತ್ರ ವಾರಗಟ್ಟಲೆ ಮೇಲೇ ನಿಂತಿದ್ದರೆ ಮುಂದಕ್ಕೆ ಓದಿ.

ಅಂಕಿಯೇ ನಿಜವೇ?

ನಮ್ಮ ಹುಡುಕಾಟ ಶುರುವಾಗಬೇಕಿದ್ದದ್ದು ಮನೆಯಲ್ಲಿ ಶುಗರ್ ನೋಡುವ ಮಿಷನ್ನಿನಿಂದ. ಅಣ್ಣನ ಮನೆ ಪಾಂಡವಪುರದ ಕಡೆ, ಕಬ್ಬು ಅರೆಯುವ ಕಾಲದಲ್ಲಿ ಮನೆಮಂದಿಯೆಲ್ಲ ಆಲೆಮನೆಗೆ ಹೋಗಿ ಬರುವವರೇ. ಒಮ್ಮೆ ಅವ್ವ ಅಚ್ಚಿನಿಂದ ಬೆಲ್ಲ ಕೆಡವಿ ಬಂದು, ಸೆರಗಿನಲ್ಲಿ ಕೈ ಒರೆಸಿಕೊಂಡು ಬೆರಳು ಕೊಟ್ಟಳು. 380 ಎಂದು ತೋರಿಸಿತು. ಅತ್ತಿಗೆ ಹೆದರಿ ನನಗೆ ಫೋನ್ ಮಾಡಿದರು. ಸೋಪು ಹಾಕಿ ಕೈ ತೊಳೆದು, ಒಣಗಿಸಿ, ಬೇರೆ ಬೆರಳು ಚುಚ್ಚಿದಾಗ 164. ಕಣ್ಣಿಗೆ ಕಾಣದಷ್ಟು ಬೆಲ್ಲ ಅಥವಾ ಹಣ್ಣಿನ ರಸ ಬೆರಳ ತುದಿಯಲ್ಲಿದ್ದರೂ ಒಂದು ಹನಿ ರಕ್ತದ ಲೆಕ್ಕ ಕೆಡುತ್ತದೆ. ಸ್ಪಿರಿಟ್ಟಿಗಿಂತ ಸೋಪು ನೀರೇ ವಾಸಿ. ನೀರು ಸಿಗದ ಕಡೆ ಮೊದಲ ಹನಿ ಒರೆಸಿ ಎರಡನೆಯದನ್ನು ತೆಗೆದುಕೊಳ್ಳಬೇಕು. ಕೈ ಒದ್ದೆಯಾಗಿದ್ದರೆ ರಕ್ತ ತೆಳುವಾಗಿ ಅಂಕಿ ಇಳಿಯುತ್ತದೆ, ಅದೂ ಸುಳ್ಳೇ.

ರಕ್ತದ ಹನಿ ತಾಕಿಸುವ ಸ್ಟ್ರಿಪ್ಪಿನ ಡಬ್ಬಿ ಎಲ್ಲಿದೆ ನೋಡಿ. ನಮ್ಮದು ಒಲೆಯ ಮೇಲಿನ ಗೂಡಿನಲ್ಲಿ, ಸಾಸಿವೆ ಡಬ್ಬಿಯ ಪಕ್ಕದಲ್ಲಿತ್ತು. ಬಿಸಿ, ಹಬೆ ಎರಡೂ ಸ್ಟ್ರಿಪ್ಪಿಗೆ ಆಗದು. ಮುಚ್ಚಳ ತೆರೆದಿಟ್ಟರೆ ಗಾಳಿಯ ತೇವವೇ ಸಾಕು. ಡಬ್ಬಿಯ ಮೇಲಿನ ತಾರೀಖು ಮಾತ್ರ ನೋಡಿದರೆ ಸಾಲದು, ತೆರೆದ ಮೇಲೆ ಎಷ್ಟು ತಿಂಗಳು ಎಂದು ಬೇರೆ ಬರೆದಿರುತ್ತಾರೆ. ತೆರೆದ ದಿನವನ್ನು ಪೆನ್ನಿನಲ್ಲಿ ಡಬ್ಬಿಯ ಮೇಲೇ ಬರೆದುಬಿಡಿ.

ಇಷ್ಟೆಲ್ಲ ಸರಿಯಿದ್ದರೂ ಮಿಷನ್ ಚೂರು ಹೆಚ್ಚುಕಮ್ಮಿ ತೋರಿಸುತ್ತದೆ. ಒಳ್ಳೆಯ ಮಿಷನ್ನಿಗೂ ಶೇ 15ರಷ್ಟು ಆಚೀಚೆ ಹೋಗುವ ಅವಕಾಶವನ್ನು ಮಾನದಂಡವೇ ಕೊಟ್ಟಿದೆ. ನಿಜವಾದದ್ದು 150 ಇದ್ದರೆ ಮಿಷನ್ನು 130 ಅಥವಾ 170 ಎನ್ನಬಹುದು. ಹಾಗಾಗಿ ನಿನ್ನೆ 142, ಇವತ್ತು 156 ಎಂದು ಕಂಗಾಲಾಗಬೇಕಿಲ್ಲ. ಒಂದು ಅಂಕಿಯಲ್ಲಿ ಏನೂ ಇಲ್ಲ, ಹತ್ತು ದಿನದ ಅಂಕಿ ಎತ್ತ ಹೋಗುತ್ತಿವೆ ಎಂಬುದರಲ್ಲಿ ಎಲ್ಲ ಇದೆ. ಲ್ಯಾಬಿನಲ್ಲಿ ಖಾಲಿ ಹೊಟ್ಟೆಯ ರಕ್ತ ಕೊಡುವ ಹೊತ್ತಿಗೇ ನಿಮ್ಮ ಮಿಷನ್ನಿನಲ್ಲೂ ಬೆರಳು ಚುಚ್ಚಿ ಎರಡನ್ನೂ ಹೋಲಿಸಿದರೆ ಮಿಷನ್ನಿನ ನಂಬಿಕೆ ತಿಳಿಯುತ್ತದೆ.

ಖಾಲಿ ಹೊಟ್ಟೆ ಎಂದರೆ ಏನು ಎಂಬುದರಲ್ಲೂ ಗೊಂದಲ ಬಹಳ. ಎಂಟು ಗಂಟೆ ಬರೀ ನೀರು, ಅಷ್ಟೆ. ಬೆಳಗಿನ ಬಸ್ಸಿನಲ್ಲಿ ಊರಿಂದ ಮಂಡ್ಯಕ್ಕೆ ಬಂದವರು ಸ್ಟ್ಯಾಂಡಿನಲ್ಲಿ ಒಂದು ಕಾಫಿ ಕುಡಿದು 'ಏನೂ ತಿಂದಿಲ್ಲ ಸಾರ್' ಎನ್ನುತ್ತಾರೆ. ಸುಳ್ಳು ಹೇಳುವ ಉದ್ದೇಶ ಅವರಿಗಿಲ್ಲ, ಕಾಫಿ ನಮ್ಮ ಕಡೆ ತಿನ್ನುವುದರ ಲೆಕ್ಕಕ್ಕೆ ಬರುವುದಿಲ್ಲ. ಹಾಗೆಯೇ 'ಖಾಲಿ ಹೊಟ್ಟೆ' ಎಂದು ಹಿಂದಿನ ರಾತ್ರಿಯ ಮಾತ್ರೆ, ಇನ್ಸುಲಿನ್ ಬಿಟ್ಟು ಬರುವವರೂ ಇದ್ದಾರೆ. ರಾತ್ರಿಯ ಔಷಧ ಎಂದಿನಂತೆ ತೆಗೆದುಕೊಂಡು ಬಂದರೆ ಮಾತ್ರ ಆ ಔಷಧ ಸಾಕಾಗುತ್ತಿದೆಯೇ ಎಂದು ತಿಳಿಯುತ್ತದೆ.

ಮೂರು ತಿಂಗಳ ಸರಾಸರಿ ಎನ್ನುವ ಎಚ್‌ಬಿಎ1ಸಿ ಪರೀಕ್ಷೆಯೂ ಒಂದೊಂದು ಸಲ ದಾರಿ ತಪ್ಪಿಸುತ್ತದೆ. ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಇದ್ದವರಲ್ಲಿ ಅದು ಇರುವುದಕ್ಕಿಂತ ಮೇಲೆ ತೋರಿಸಬಹುದು, ಈಚೆಗೆ ರಕ್ತ ಹೋಗಿದ್ದರೆ ಅಥವಾ ರಕ್ತ ಹಾಕಿಸಿಕೊಂಡಿದ್ದರೆ ಕೆಳಗೆ. ಮನೆಯ ಅಂಕಿಗೂ ಇದಕ್ಕೂ ತಾಳೆಯಾಗದಿದ್ದರೆ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಕೇಳಿ.

ರಾತ್ರಿ ಮೂರು ಗಂಟೆಗೆ ಏಳಬೇಕು

ಅಂಕಿ ನಿಜವೆಂದು ಗೊತ್ತಾದ ಮೇಲೆ ರಾತ್ರಿಯಲ್ಲಿ ಏನಾಗುತ್ತಿದೆ ಎಂದು ನೋಡಬೇಕು. ಬೆಳಗಿನ ಅಂಕಿ ರಾತ್ರಿಯ ಕಥೆಯ ಕೊನೆಯ ಸಾಲು ಮಾತ್ರ. ಮೂರು ದಿನ, ಮಲಗುವಾಗ ಒಂದು, ರಾತ್ರಿ 3ಕ್ಕೆ ಒಂದು, ಎದ್ದ ಕೂಡಲೇ ಒಂದು. ಒಂಬತ್ತು ಸ್ಟ್ರಿಪ್ ಖರ್ಚಾಗುತ್ತದೆ, ನಿದ್ದೆ ಕೆಡುತ್ತದೆ. ಆದರೆ ಈ ಒಂಬತ್ತು ಅಂಕಿ ಹೇಳುವಷ್ಟನ್ನು ಬೇರೆ ಯಾವುದೂ ಹೇಳುವುದಿಲ್ಲ.

ಮಲಗುವಾಗಲೇ 220 ಇದ್ದರೆ ತಪ್ಪು ರಾತ್ರಿಯದಲ್ಲ, ಸಂಜೆಯದು. ಸಂಜೆಯ ತಿಂಡಿ, ಊಟದ ಹೊತ್ತು, ಸಂಜೆಯ ಔಷಧ ನೋಡಿ. ಮಲಗುವಾಗ 140, ಮೂರಕ್ಕೆ 135, ಬೆಳಿಗ್ಗೆ 190 ಎಂದಾದರೆ ಅದು ನಸುಕಿನ ಏರಿಕೆ. ನಸುಕಿನಲ್ಲಿ ಮೈ ತಾನೇ ಏಳಲು ಸಿದ್ಧವಾಗುವಾಗ ಕೆಲವು ಹಾರ್ಮೋನುಗಳು ಏರುತ್ತವೆ, ಪಿತ್ತಜನಕಾಂಗ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಎಲ್ಲರ ಮೈಯಲ್ಲೂ ಹೀಗಾಗುತ್ತದೆ. ಇನ್ಸುಲಿನ್ ಸಾಕಷ್ಟು ಇರುವವರಲ್ಲಿ ಅದು ಕಾಣುವುದಿಲ್ಲ. ಇನ್ಸುಲಿನ್ ಸಾಲದವರು ಒಂದು ತುತ್ತೂ ತಿನ್ನದೆ ಮಲಗಿದರೂ ಬೆಳಿಗ್ಗೆ ಶುಗರ್ ಏರಿರುತ್ತದೆ. ಅವರನ್ನು ಬೈದು ಏನು ಬಂತು?

ಮೂರಕ್ಕೆ 60 ಬಂದರೆ ಆ ರಾತ್ರಿಯೇ ಸಕ್ಕರೆ ಕೊಡಿ, ಬೆಳಿಗ್ಗೆ ವೈದ್ಯರಿಗೆ ತಿಳಿಸಿ. ಒದ್ದೆಯಾದ ದಿಂಬು, ಕೆಟ್ಟ ಕನಸು, ಎದ್ದಾಗ ತಲೆನೋವು ಇದರ ಸುಳಿವುಗಳು. ಹೀಗೆ ಶುಗರ್ ಇಳಿದು 'ಲೋ' ಆದವರು ಹೆದರಿ ಡಬ್ಬಿಯಲ್ಲಿದ್ದುದನ್ನೆಲ್ಲ ತಿಂದು ಮಲಗಿದರೆ ಬೆಳಿಗ್ಗೆ 250 ಇರುತ್ತದೆ. ಅದನ್ನು ನೋಡಿ ಔಷಧ ಏರಿಸಿದರೆ ಮಾರನೆಯ ರಾತ್ರಿ ಇನ್ನೂ ಕೆಳಗೆ.

ಅವ್ವನ ಅಂಕಿ ಬೇರೆಯೇ ಥರ ಇತ್ತು. ಮಲಗುವಾಗ 190, ಮೂರಕ್ಕೆ 215, ಬೆಳಿಗ್ಗೆ 238. ರಾತ್ರಿಯಿಡೀ ನಿಧಾನವಾಗಿ ಹತ್ತುತ್ತಲೇ ಇತ್ತು, ಸಂಜೆ ಚುಚ್ಚಿದ ಇನ್ಸುಲಿನ್ ಮೈಗೆ ಹತ್ತೇ ಇಲ್ಲವೇನೋ ಎಂಬಂತೆ. ನಮ್ಮನ್ನು ಸರಿಯಾದ ಬಾಗಿಲಿಗೆ ತಂದು ನಿಲ್ಲಿಸಿದ್ದು ಇದೇ.

ಔಷಧ ಒಳಗೆ ಹೋಗುತ್ತಿದೆಯೇ?

ಚೀಟಿಯಲ್ಲಿರುವುದು ಬೇರೆ, ಡಬ್ಬಿಯಲ್ಲಿರುವುದು ಬೇರೆ, ಮೈಯೊಳಗೆ ಹೋಗುವುದು ಬೇರೆ. ಮೂರನ್ನೂ ನೋಡಬೇಕು.

ಮಾತ್ರೆಯದು ಬೇಗ ಮುಗಿಯುವ ಪರೀಕ್ಷೆ. ಎಲ್ಲ ಮಾತ್ರೆಯ ಹಾಳೆಗಳನ್ನೂ ಚಾಪೆಯ ಮೇಲೆ ಹರಡಿ, ಹಿಂಬದಿಯ ಸಣ್ಣ ಅಕ್ಷರದ ಹೆಸರು ಓದಿ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟ ಮೆಟ್‌ಫಾರ್ಮಿನ್ ಬಿಳಿ ಹಾಳೆಯಲ್ಲಿರುತ್ತದೆ, ಅಂಗಡಿಯದು ಬಣ್ಣದ ಹಾಳೆಯಲ್ಲಿ. ಎರಡೂ ಒಂದೇ ಎಂದು ತಿಳಿಯದೆ ಎರಡನ್ನೂ ನುಂಗುವವರಿದ್ದಾರೆ. 'ಬಣ್ಣದ್ದು ಮುಗೀತು' ಎಂದು ಬಿಳಿಯದನ್ನೂ ಮುಟ್ಟದೆ ಕೂತವರೂ ಇದ್ದಾರೆ.

ಇನ್ಸುಲಿನ್ ಬಾಟಲಿ ಮತ್ತು ಸಿರಿಂಜಿನ ಜೋಡಿ ಇದಕ್ಕಿಂತ ಮುಖ್ಯ, ಇಲ್ಲಿ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್ಟಿನ ಬಾಟಲಿಯೂ ಸಿಗುತ್ತದೆ, ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್. ಪೆನ್ನಿನೊಳಗೆ ಹಾಕುವುದು 100ರದು. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್ ಮಾತ್ರ, ಶುಗರ್ ಏರುತ್ತದೆ. ಅದಲುಬದಲಾಗಿ 100ರದ್ದನ್ನು ಕೆಂಪು ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ 50 ಯೂನಿಟ್ ಹೋಗಿಬಿಡುತ್ತದೆ. ಅಂಗಡಿಯವರು ಅವಸರದಲ್ಲಿ ಯಾವುದನ್ನೋ ಕೊಡುವುದುಂಟು. ಬಾಟಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡೂ ಒಂದೇ ಇರಬೇಕು. ಅಂಗಡಿಯ ಮುಂದೆ ನಿಂತೇ ನೋಡಿಕೊಳ್ಳಿ.

ಆಮೇಲೆ ಇಟ್ಟ ಜಾಗ. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಐಸ್ ಪೆಟ್ಟಿಗೆಗೆ ತಾಕಿ ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಅದು ಕೆಲಸಕ್ಕೆ ಬಾರದು. ಬಳಸುತ್ತಿರುವ ಬಾಟಲಿ ತಣ್ಣನೆಯ ಕೋಣೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಬಾಳುತ್ತದೆ. ಮಂಡ್ಯ, ಮೈಸೂರಿನ ಏಪ್ರಿಲ್ ಬಿಸಿಲು 35 ಡಿಗ್ರಿ ದಾಟುತ್ತದೆ, ಶೀಟಿನ ಮನೆಯೊಳಗೆ ಅದಕ್ಕೂ ಮೇಲೆ. ಫ್ರಿಜ್ಜಿಲ್ಲದ ಮನೆಯಲ್ಲಿ ದೊಡ್ಡ ಮಡಕೆಯೊಳಗೆ ಒದ್ದೆ ಮರಳು ಹಾಕಿ, ಅದರಲ್ಲಿ ಸಣ್ಣ ಮಡಕೆ ಕೂರಿಸಿ, ಅದರೊಳಗೆ ಬಾಟಲಿಯನ್ನು ಒದ್ದೆಯಾಗದಂತೆ ಕವರಿನಲ್ಲಿ ಸುತ್ತಿಟ್ಟು, ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿಟ್ಟರೆ ಹೊರಗಿನ ಬಿಸಿಗಿಂತ ಎಷ್ಟೋ ಡಿಗ್ರಿ ತಂಪಾಗಿರುತ್ತದೆ. ಬೇಸಿಗೆಯಲ್ಲಿ ಮಜ್ಜಿಗೆ ಮಡಕೆಯನ್ನು ತಂಪಾಗಿಡಲು ನಮ್ಮ ಅಜ್ಜಿ ಮಾಡುತ್ತಿದ್ದುದೂ ಇದೇ. ಹಾಲಿನಂತೆ ಬೆಳ್ಳಗಿರುವ ಇನ್ಸುಲಿನ್ನನ್ನು ಅಂಗೈಗಳ ನಡುವೆ ಹತ್ತು ಸಲ ಹೊರಳಿಸಿ, ಹತ್ತು ಸಲ ತಲೆಕೆಳಗು ಮಾಡಿ ಬೆರೆಸಬೇಕು. ಕುಲುಕಬಾರದು. ಬೆರೆಸಿದ ಮೇಲೂ ಗಂಟುಗಂಟಾಗಿದ್ದರೆ, ಗಾಜಿಗೆ ಹಿಮದಂತೆ ಅಂಟಿದ್ದರೆ ಎಸೆಯಿರಿ.

ನಾವು ಇವೆಲ್ಲವನ್ನೂ ನೋಡಿದೆವು. ಎಲ್ಲ ಸರಿಯಿತ್ತು. ನೋಡದೆ ಉಳಿದದ್ದು ಒಂದೇ, ಚುಚ್ಚುವ ಜಾಗ.

ಹೊಟ್ಟೆ ಮುಟ್ಟಿ ನೋಡಿದ ಸಿಸ್ಟರ್

ಅಷ್ಟು ಹೊತ್ತಿಗೆ ಅವ್ವ ತೋರಿಸಿಕೊಳ್ಳುತ್ತಿದ್ದ ವೈದ್ಯರು ಅಂಕಿ ನೋಡಿ ನೋಡಿ ಸಂಜೆಯ ಇನ್ಸುಲಿನ್ನನ್ನು 14ರಿಂದ 18ಕ್ಕೆ, ಆಮೇಲೆ 22ಕ್ಕೆ ಏರಿಸಿದ್ದರು. ಬೆಳಗಿನದು ಹೇಗೂ 22 ಇತ್ತು. ಬೇಸಿಗೆ ರಜೆಗೆ ನಾನು ಊರಿಗೆ ಹೋದಾಗ ತಾಲ್ಲೂಕು ಆಸ್ಪತ್ರೆಯ ಬಿಪಿ, ಶುಗರ್ ವಿಭಾಗಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಸಿಸ್ಟರ್ ಚೀಟಿ ಓದುವ ಮೊದಲು ಕೇಳಿದ ಪ್ರಶ್ನೆ: 'ಎಲ್ಲಿ ಚುಚ್ಕೊಳ್ತೀರ ಅವ್ವ, ತೋರ್ಸಿ.'

ಅವ್ವ ಸೀರೆ ಸರಿಸಿ ಹೊಕ್ಕುಳಿನ ಬಲಕ್ಕೆ ಬೆರಳಿಟ್ಟಳು. ಸಿಸ್ಟರ್ ಅಂಗೈ ಸವರಿ, 'ನೀವೂ ಮುಟ್ಟಿ ನೋಡಿ' ಎಂದು ನನ್ನ ಕೈ ಹಿಡಿದು ಅಲ್ಲಿಟ್ಟರು. ಚರ್ಮದ ಕೆಳಗೆ ರಬ್ಬರಿನ ಉಂಡೆಯಂಥ ಗಂಟು. ಹೊರಗಿಂದ ನೋಡಿದರೆ ಏನೂ ಕಾಣದು, ಒತ್ತಿದರೆ ನೋವಿಲ್ಲ. ಮೂರು ವರ್ಷದಿಂದ ದಿನಕ್ಕೆ ಎರಡು ಸಲ ಅದೇ ಜಾಗ. ಯಾಕವ್ವ ಎಂದರೆ, 'ಅಲ್ಲಾದ್ರೆ ನೋವಾಗಕಿಲ್ಲ ಕಣವ್ವ.'

ಈ ಮಾತನ್ನು ಇನ್ಸುಲಿನ್ ಚುಚ್ಚಿಕೊಳ್ಳುವ ಪ್ರತಿಯೊಬ್ಬರ ಮನೆಯವರೂ ನೆನಪಿಡಬೇಕು. ಒಂದೇ ಕಡೆ ಚುಚ್ಚುತ್ತ ಹೋದರೆ ಅಲ್ಲಿ ಕೊಬ್ಬು ಬೆಳೆದು ಗಂಟಾಗುತ್ತದೆ, ಸೂಜಿಯ ನೋವು ಅಲ್ಲಿ ತಿಳಿಯುವುದಿಲ್ಲ. ನೋವಿಲ್ಲವೆಂದು ಮತ್ತೆ ಅಲ್ಲೇ ಚುಚ್ಚುತ್ತಾರೆ, ಗಂಟು ಇನ್ನೂ ಬೆಳೆಯುತ್ತದೆ. ಆ ಗಂಟಿನಿಂದ ಇನ್ಸುಲಿನ್ ರಕ್ತಕ್ಕೆ ಇಳಿಯುವುದು ಒಂದು ದಿನ ಅರ್ಧ, ಒಂದು ದಿನ ಇನ್ನೂ ಕಡಿಮೆ, ಒಂದು ದಿನ ತಡವಾಗಿ ಒಟ್ಟಿಗೇ. ಶುಗರ್ ಯಾವ ಲೆಕ್ಕಕ್ಕೂ ಸಿಗದೆ ಏರಿಳಿಯುತ್ತದೆ. ಒಂದೇ ಸೂಜಿಯನ್ನು ಹತ್ತಾರು ಸಲ ಬಳಸುವುದೂ ಗಂಟಿಗೆ ದಾರಿ. ಕಣ್ಣಿನಿಂದ ನೋಡಿದರೆ ಇದು ಸಿಗುವುದಿಲ್ಲ, ಕೈಯಿಂದಲೇ ಹುಡುಕಬೇಕು. ಸೋಪು ನೀರಿನಲ್ಲಿ ಕೈ ಒದ್ದೆ ಮಾಡಿ ಹೊಟ್ಟೆ, ತೊಡೆಯ ಮೇಲೆ ನಿಧಾನಕ್ಕೆ ಜಾರಿಸಿದರೆ ಎಲ್ಲಿ ಗಟ್ಟಿ, ಎಲ್ಲಿ ಮೆದು ಎಂದು ಬೆರಳಿಗೆ ಗೊತ್ತಾಗುತ್ತದೆ.

ಆಮೇಲೆ ನಾವು ಮಾಡಿದ ತಪ್ಪನ್ನೂ ಹೇಳಬೇಕು. ಸಿಸ್ಟರ್ 'ಜಾಗ ಬದಲಿಸೋದಕ್ಕೆ ಮುಂಚೆ ಡಾಕ್ಟ್ರ ಹತ್ರ ಡೋಸ್ ಕೇಳಿ, ನಾಳೆ ಬನ್ನಿ' ಎಂದು ಸ್ಪಷ್ಟವಾಗಿಯೇ ಹೇಳಿದ್ದರು. ಕಾರಣ ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ನಾನು ಅವತ್ತು ಸಂಜೆಯೇ ಎಡಗಡೆಯ ಮೆತ್ತನೆಯ ಜಾಗಕ್ಕೆ 22 ಯೂನಿಟ್ ಚುಚ್ಚಿಸಿದೆ. ಗಂಟಿನಲ್ಲಿ ಅರ್ಧ ವ್ಯರ್ಥವಾಗುತ್ತಿದ್ದ ಲೆಕ್ಕಕ್ಕೆ ಏರಿಸಿದ್ದ ಪ್ರಮಾಣ ಅದು, ಒಳ್ಳೆಯ ಜಾಗದಲ್ಲಿ ಪೂರ್ತಿ ಇಳಿಯಿತು. ರಾತ್ರಿ ಎರಡೂವರೆಗೆ ಅತ್ತಿಗೆ ಕೂಗಿದಾಗ ಅವ್ವನ ರವಿಕೆ ತೊಯ್ದು ಹೋಗಿತ್ತು, ಕರೆದರೆ ಏನೇನೋ ಉತ್ತರ. ಮಿಷನ್ನಿನಲ್ಲಿ 48. ನುಂಗುವಷ್ಟು ಎಚ್ಚರ ಇತ್ತು, ಸಕ್ಕರೆ ನೀರು ಎರಡು ಸಲ ಕುಡಿಸಿದ ಮೇಲೆ 96ಕ್ಕೆ ಬಂತು. ಬೆಳಗಾಗುವವರೆಗೆ ಅವಳ ಕೈ ಹಿಡಿದು ಕೂತಿದ್ದೆ.

ಗಂಟು ಸಿಕ್ಕರೆ ಜಾಗ ಬದಲಿಸಲೇಬೇಕು, ಆದರೆ ಎಷ್ಟು ಇಳಿಸಬೇಕು ಎಂದು ವೈದ್ಯರನ್ನು ಕೇಳಿದ ಮೇಲೆ. ಬದಲಿಸಿದ ಮೊದಲ ವಾರ ರಾತ್ರಿಯೂ ಒಂದು ಸಲ ಬೆರಳು ಚುಚ್ಚಬೇಕು. ಮಾರನೆಯ ದಿನ ವೈದ್ಯರು ಸಂಜೆಯದನ್ನು 12ಕ್ಕೆ, ಬೆಳಗಿನದನ್ನು 18ಕ್ಕೆ ಇಳಿಸಿದರು. ಗಂಟಿನ ಜಾಗವನ್ನು ಆರು ತಿಂಗಳು ಮುಟ್ಟಲಿಲ್ಲ, ನಿಧಾನವಾಗಿ ಕರಗಿತು. ಈಗ ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ ವಾರಕ್ಕೊಂದು ಪಾಲು, ಒಂದೊಂದು ಚುಚ್ಚಿಗೂ ಒಂದು ಬೆರಳಿನಗಲ ಅಂತರ, ಹೊಕ್ಕುಳಿನ ಹತ್ತಿರ ಎರಡು ಬೆರಳು ಬಿಡುವುದು. ಯಾವ ವಾರ ಯಾವ ಪಾಲು ಎಂದು ಅತ್ತಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿದ್ದಾರೆ.

ಮೈಯಲ್ಲಿ ಬೇರೇನಾದರೂ ನಡೆಯುತ್ತಿದೆಯೇ?

ಅಂಕಿ ನಿಜ, ಔಷಧವೂ ಸರಿಯಾಗಿ ಹೋಗುತ್ತಿದೆ, ಆದರೂ ಇಳಿಯುತ್ತಿಲ್ಲ ಎಂದರೆ ಮೈಯೊಳಗೆ ಎಲ್ಲೋ ಸೋಂಕು ಇರಬಹುದು. ಉರಿಮೂತ್ರ, ವಸಡಿನ ಕೀವು, ಕಾಲ್ಬೆರಳ ಸಂದಿಯ ಹುಣ್ಣು. ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ಓಡಾಡುವವರ ಪಾದದಲ್ಲಿ ಮುಳ್ಳು ಮುರಿದಿದ್ದರೂ ಸ್ಪರ್ಶ ಸತ್ತವರಿಗೆ ಗೊತ್ತಾಗುವುದಿಲ್ಲ. ದಿನಾ ರಾತ್ರಿ ಅಂಗಾಲನ್ನು ಯಾರಾದರೂ ದೀಪದಲ್ಲಿ ನೋಡಬೇಕು. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಕಫ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಯವರಿಗೆ ಕ್ಷಯ ತಗಲುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು.

ಇನ್ನೊಂದು ಕಾರಣ ಮಂಡಿನೋವಿನ ಮೂಲಕ ಬರುತ್ತದೆ. ಮಂಡಿಗೆ ಹಾಕುವ ಸ್ಟೀರಾಯ್ಡ್ ಇಂಜೆಕ್ಷನ್, ಉಬ್ಬಸಕ್ಕೆ, ಅಲರ್ಜಿಗೆ ಕೊಡುವ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಮಾತ್ರೆ ಶುಗರನ್ನು ಎತ್ತಿಬಿಡುತ್ತವೆ. ಇಂಜೆಕ್ಷನ್ನಿನ ಪ್ರಭಾವ ಕೆಲವು ದಿನದಲ್ಲಿ ಇಳಿಯುತ್ತದೆ. ಮಾತ್ರೆಯಾದರೆ ನುಂಗುವಷ್ಟು ದಿನ. ಹಾಗೆಂದು ಬಹಳ ದಿನದಿಂದ ನುಂಗುತ್ತಿರುವ ಸ್ಟೀರಾಯ್ಡನ್ನು ದಿಢೀರನೆ ನಿಲ್ಲಿಸಬಾರದು, ಅದೂ ಅಪಾಯವೇ. ಸಂತೆಯಲ್ಲಿ, ಪೊಟ್ಟಣದಲ್ಲಿ ಹೆಸರಿಲ್ಲದೆ ಮಾರುವ ನೋವಿನ ಪುಡಿಗಳ ಬಗ್ಗೆ ನನಗೆ ಹೆದರಿಕೆಯೇ ಇದೆ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿದೆ. ಹಾಗೆಯೇ 'ಶುಗರ್ ವಾಸಿ' ಎಂದು ಮಾರುವ ಪುಡಿಗಳಲ್ಲಿ ಶುಗರ್ ಮಾತ್ರೆಯನ್ನೇ ಅರೆದು ಹಾಕಿದ್ದೂ ಇದೆ. ವೈದ್ಯರ ಬಳಿ ಹೋಗುವಾಗ ಪೊಟ್ಟಣವನ್ನೂ ಮುಚ್ಚಿಡದೆ ತೆಗೆದುಕೊಂಡು ಹೋಗಿ.

ಕೊನೆಗೆ ತಟ್ಟೆ

ಈಗ ತಟ್ಟೆ ನೋಡೋಣ, ಆರೋಪಿಯ ಹಾಗಲ್ಲ, ತೂಕದ ತಕ್ಕಡಿ ಹಿಡಿದು.

ರಾಗಿಯ ಬಗ್ಗೆ ನಮ್ಮ ಅಭಿಮಾನ ಸಹಜ. ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಇಂಡಾಫ್ ಎಂಬ ರಾಗಿ ತಳಿಗಳನ್ನು ಬೆಳೆಸಿದ ಜಿಲ್ಲೆ ನಮ್ಮದು. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದಂಶ ಅಕ್ಕಿಗಿಂತ ಹತ್ತಾರು ಪಟ್ಟು. ಆದರೆ 'ಮುದ್ದೆ ಎಷ್ಟು ತಿಂದರೂ ಶುಗರ್ ಏರಲ್ಲ' ಎಂಬುದು ನಿಜವಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಪಿಷ್ಟವೇ. ಅತ್ತಿಗೆ ಒಂದು ದಿನ ಹಿಟ್ಟು ತೂಗಿ ಮುದ್ದೆ ಕಟ್ಟಿದರು: ಒಂದು ಮುದ್ದೆಗೆ 130 ಗ್ರಾಂ ಹಿಟ್ಟು, ಅಂದರೆ 90 ಗ್ರಾಂ ಪಿಷ್ಟ. 300 ಗ್ರಾಂ ಅನ್ನಕ್ಕೆ ಸಮ. ಅದರ ಮೇಲೆ 'ಸ್ವಲ್ಪ ಅನ್ನ' ಬೇರೆ. ಈಗ ಅವ್ವನ ಮುದ್ದೆ 70 ಗ್ರಾಂ ಹಿಟ್ಟಿನದು, ಅನ್ನ ಒಂದು ಸಣ್ಣ ಸೌಟು. ಹೊಟ್ಟೆ ತುಂಬಿಸುವುದು ಬಸ್ಸಾರಿನ ಸೊಪ್ಪು, ಅದರ ಪಲ್ಯ, ಹುರುಳಿ ಕಟ್ಟು, ಮೊಳಕೆ ಕಾಳು. ಪಲ್ಯ ಮೊದಲು ತಿಂದು ಮುದ್ದೆಗೆ ಆಮೇಲೆ ಕೈ ಹಾಕಿದರೆ ಶುಗರ್ ಏರುವುದು ನಿಧಾನ. ಅದೇ ರಾಗಿಯನ್ನು ನೀರಾಗಿ ಕಾಯಿಸಿ ಗಂಜಿ ಮಾಡಿ ಕುಡಿದರೆ ಬೇಗ ಏರುತ್ತದೆ. ಬೆಳಗಿನ ಒಂದು ಲೋಟ ರಾಗಿ ಗಂಜಿ 'ಔಷಧಿ' ಎಂದು ಕುಡಿಯುವವರು ಎರಡು ಗಂಟೆಯ ನಂತರ ಒಮ್ಮೆ ಬೆರಳು ಚುಚ್ಚಿ ನೋಡಲಿ.

ಬೆಲ್ಲ ಆಗುತ್ತದೆ, ಸಕ್ಕರೆ ಆಗದು ಎಂಬ ನಂಬಿಕೆ ಸಕ್ಕರೆ ನಾಡಿನಲ್ಲೇ ಹುಟ್ಟಿತೋ ಏನೋ, ಬಲವಾಗಿ ಬೇರೂರಿದೆ. ಎರಡೂ ಅದೇ ಕಬ್ಬಿನ ಹಾಲು. ರಾಸಾಯನಿಕ ಹಾಕದೆ ತೆಗೆದ ಬೆಲ್ಲವೂ ರಕ್ತಕ್ಕೆ ಬಂದ ಮೇಲೆ ಸಕ್ಕರೆಯೇ.

ಊಟದ ಹೊತ್ತೂ ಮುಖ್ಯ. ಬೆಳ್ಳಗಿನ ಬೆರಕೆ ಇನ್ಸುಲಿನ್ನಿನಲ್ಲಿ ಹಳೆಯ ಬಗೆಯದನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಚುಚ್ಚಬೇಕು. ಅವ್ವ ಏಳಕ್ಕೆ ಚುಚ್ಚಿಕೊಂಡು, ಅಣ್ಣ ಗದ್ದೆಯಿಂದ ಬರಲಿ ಎಂದು ಒಂಬತ್ತೂವರೆಯವರೆಗೆ ಕಾಯುತ್ತಿದ್ದಳು. ಈಗ ಏಳೂವರೆಗೇ ಊಟ, ಆಮೇಲೆ ಬೀದಿಯ ಕೊನೆಯ ಅರಳಿಕಟ್ಟೆಯವರೆಗೆ ಎರಡು ಸುತ್ತು.

ಏರುವುದರ ತದ್ವಿರುದ್ಧವೂ ಒಂದು ದೋಷವೇ. ಅದೇ ಔಷಧ, ಅದೇ ಊಟ ಇದ್ದು ವರ್ಷಗಳ ನಂತರ ಶುಗರ್ ತಾನಾಗಿ ಇಳಿಯತೊಡಗಿ ಮೇಲಿಂದ ಮೇಲೆ ಲೋ ಆದರೆ, ಕಾಯಿಲೆ ವಾಸಿಯಾಯಿತು ಎಂದು ಸಂತೋಷಪಡಬೇಡಿ. ಮೂತ್ರಪಿಂಡ ಸೋಲುತ್ತಿದ್ದಾಗ ಇನ್ಸುಲಿನ್ನೂ ಕೆಲವು ಮಾತ್ರೆಗಳೂ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ರಕ್ತದ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್ ಎರಡನ್ನೂ ವರ್ಷಕ್ಕೊಮ್ಮೆಯಾದರೂ ನೋಡಿಸಿ. ನಮ್ಮ ದೊಡ್ಡಪ್ಪನ ವಿಷಯದಲ್ಲಿ ಇದು ತಿಳಿಯುವಾಗ ತಡವಾಗಿತ್ತು.

ವೈದ್ಯರ ಬಳಿ ಹೋಗುವಾಗ ಈಗ ನಾವು ಒಂದೇ ಹಾಳೆ ಒಯ್ಯುತ್ತೇವೆ. ತಾರೀಖು, ಮಲಗುವಾಗಿನ ಅಂಕಿ, ಬೆಳಗಿನ ಅಂಕಿ, ಎಷ್ಟು ಯೂನಿಟ್, ಹೊಟ್ಟೆಯ ಯಾವ ಪಾಲು, ಅವತ್ತು ಏನಾದರೂ ವಿಶೇಷ ಇತ್ತೇ. ಕೊನೆಯ ಅಂಕಣವನ್ನು ಅವ್ವ ತಾನೇ ಹೇಳಿ ಮೊಮ್ಮಗಳ ಕೈಯಲ್ಲಿ ಬರೆಸುತ್ತಾಳೆ. ಕಳೆದ ತಿಂಗಳ ಹಾಳೆಯಲ್ಲಿ ಬೆಳಗಿನ ಅಂಕಿ 118ರಿಂದ 137ರ ನಡುವೆ ಇತ್ತು. ಒಂದು ದಿನ ಮಾತ್ರ 182. ಅದರ ಮುಂದೆ ದುಂಡಗಿನ ಅಕ್ಷರದಲ್ಲಿ 'ಗೌರಿ ಹಬ್ಬ, ಅರ್ಧ ಒಬ್ಬಟ್ಟು' ಎಂದು ಬರೆದಿತ್ತು.